ಕೊಡಗೆ ಯಾರ ಹೊಲದಿಂದ?



ಮೈದಾನದಲ್ಲಿ ಸೀಟಿ ಊದುತ್ತಲೇ ನಿವೃತ್ತರಾದ ಒಬ್ಬ ಪಿ.ಟಿ. ಮೇಷ್ಟ್ರ ನೆನಪಿಗೆ ಈ ಉಪನ್ಯಾಸದ ದತ್ತಿ ನಿಂತಿದೆ. ಅವರ ಮಕ್ಕಳು ನನ್ನನ್ನು ಕರೆಯಲು ಬಂದಾಗ ಒಂದೇ ಷರತ್ತು ಹಾಕಿದರು: "ಸಾರ್, ಕ್ರೀಡೆಯಿಂದ ವ್ಯಕ್ತಿತ್ವ ವಿಕಸನ ಅಂತ ಮಾತ್ರ ಮಾತಾಡಬೇಡಿ. ಅದನ್ನ ಪ್ರತಿ ವರ್ಷ ಕೇಳಿದ್ದೀವಿ." ಷರತ್ತು ನನಗೂ ಹಿತವಾಗಿಯೇ ಇತ್ತು. ಹಾಗಾಗಿ ಮೇಷ್ಟ್ರುಗಳಿಗೆ ಸ್ವಲ್ಪ ಇರುಸುಮುರುಸಾಗುವ ಪ್ರಶ್ನೆಯೊಂದನ್ನು ಇಂದು ಎತ್ತಿಕೊಂಡಿದ್ದೇನೆ.

ಗುರುವಿನ ಋಣವನ್ನು ಶಿಷ್ಯ ತೀರಿಸಬೇಕು ಎಂಬುದನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ಏಕಲವ್ಯನ ಹೆಬ್ಬೆರಳಿನವರೆಗೂ ಅದರ ಲೆಕ್ಕವಿದೆ. ತಿರುಗಿಸಿ ಕೇಳಿದರೆ ಹೇಗೆ? ಶಿಷ್ಯನ ಬೆವರಿನಿಂದ ಹೆಸರು ಮಾಡಿದ ಗುರುವಿಗೆ ಶಿಷ್ಯನ ಋಣವೇನಾದರೂ ಇದೆಯೇ? ಇದ್ದರೆ ಅದನ್ನು ಅವನು ಯಾವ ನಾಣ್ಯದಲ್ಲಿ ತೀರಿಸಬೇಕು?

ಈ ಪ್ರಶ್ನೆ ಸಾರ್ವಜನಿಕವಾಗಿ, ಹೆಸರು ಹಿಡಿದು, ಜಗಳದ ರೂಪದಲ್ಲಿ ಎದ್ದದ್ದು ಅಮೆರಿಕದಲ್ಲಿ. ಆದ್ದರಿಂದ ನಿಮ್ಮನ್ನು ಸ್ವಲ್ಪ ಹೊತ್ತು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಸರದಿಯ ಸಾಲು

ನಮ್ಮ ಐಪಿಎಲ್‌ನಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಹಣ ಹೆಚ್ಚು ಹಾಕಿದವನಿಗೆ ಆಟಗಾರ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹೊಸ ಹುಡುಗರಿಗೆ ಹರಾಜಿಲ್ಲ, ಡ್ರಾಫ್ಟ್ ಇದೆ. ಅಂದರೆ ಸರದಿ ಪ್ರಕಾರ ಆರಿಸಿಕೊಳ್ಳುವುದು. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ನನಿಗೆ ಕೊನೆಯದು. 32 ತಂಡಗಳು, ಏಳು ಸುತ್ತುಗಳು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಬರ್ಟ್ ಬೆಲ್ ಅವರ ಸಲಹೆಯಂತೆ 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊತ್ತಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಒಂದು ದಿನವೂ ವೃತ್ತಿಪರ ಫುಟ್‌ಬಾಲ್ ಆಡಲಿಲ್ಲ ಎಂಬುದು ಬೇರೆ ಮಾತು.

ಆರಿಸಿಕೊಂಡ ತಂಡದೊಡನೆ ಮಾತ್ರ ಹುಡುಗ ಒಪ್ಪಂದಕ್ಕೆ ಕೂರಬಹುದು. ಊರು ಅವನ ಆಯ್ಕೆಯಲ್ಲ, ಕೋಚ್ ಅವನ ಆಯ್ಕೆಯಲ್ಲ. ಈ ಸಾಲಿಗೆ ಬಂದು ನಿಲ್ಲುವ ಮೊದಲು ಅವನು ಮೂರು ನಾಲ್ಕು ವರ್ಷ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿರುತ್ತಾನೆ. ನಾನು ಹೇಳುತ್ತಿರುವ ಕಾಲದಲ್ಲಿ ಅಲ್ಲಿ ಅವನಿಗೆ ಸಂಬಳವಿರಲಿಲ್ಲ. ಫೀಸು, ವಸತಿ, ಊಟ, ಪುಸ್ತಕ, ಇಷ್ಟೇ. ಅದೇ ತಂಡದ ಕೋಚ್ ಮಾತ್ರ ಕೋಟಿಗಳಲ್ಲಿ ಸಂಬಳ ಎಣಿಸುತ್ತಿದ್ದರು. ಒಂದು ಲಕ್ಷ ಜನ ಕೂರುವ ಕ್ರೀಡಾಂಗಣಗಳು ಅಲ್ಲಿನ ಕಾಲೇಜುಗಳಿಗಿವೆ. ಅದು ನಮ್ಮ ಅಂತರ ಕಾಲೇಜು ಪಂದ್ಯಾವಳಿಯಲ್ಲ, ದೊಡ್ಡ ಉದ್ಯಮ.

ಕೆಲವೊಮ್ಮೆ ಹೀಗಾಗುತ್ತದೆ: ಕಾಲೇಜು ಕೋಚ್ ವೃತ್ತಿಪರ ತಂಡಕ್ಕೆ ಹೋಗುತ್ತಾರೆ. ಅದೇ ವರ್ಷ ಅವರ ಶಿಷ್ಯ ಡ್ರಾಫ್ಟಿನ ಸಾಲಿನಲ್ಲಿ ನಿಲ್ಲುತ್ತಾನೆ. ಗುರುವಿನ ಸರದಿ ಬರುತ್ತದೆ.

2010ರ ಏಪ್ರಿಲ್

ಪೀಟ್ ಕ್ಯಾರಲ್ 2001ರಿಂದ 2009ರವರೆಗೆ ಒಂಬತ್ತು ಸೀಸನ್ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಎಸ್‌ಸಿಯ, ಕೋಚ್ ಆಗಿದ್ದವರು. ಮೈದಾನದಲ್ಲಿ 97 ಗೆಲುವು, 19 ಸೋಲು. 2010ರ ಜನವರಿಯಲ್ಲಿ ಅವರು ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಹೋದರು. ಅದೇ ಏಪ್ರಿಲ್ ಡ್ರಾಫ್ಟಿನಲ್ಲಿ ನಿಂತಿದ್ದ ಹುಡುಗರಲ್ಲಿ ಟೇಲರ್ ಮೇಸ್ ಒಬ್ಬ.

ಮೇಸ್ ಸೇಫ್ಟಿ ಸ್ಥಾನದ ಆಟಗಾರ. ಸೇಫ್ಟಿ ಎಂದರೆ ರಕ್ಷಣಾ ಪಡೆಯ ಕಟ್ಟಕಡೆಯ ಕಾವಲುಗಾರ, ಅವನನ್ನು ದಾಟಿದರೆ ಬಯಲು. ಆರಡಿ ಮೂರಂಗುಲ ಎತ್ತರ, 230 ಪೌಂಡ್ ತೂಕ, ಅಷ್ಟಿದ್ದೂ ಜಿಂಕೆಯ ಓಟ. ನಾಲ್ಕು ವರ್ಷ ಕ್ಯಾರಲ್ ಅವರ ಕೈಕೆಳಗೆ ಆಡಿದವನು. ಅವನ ಊರು ಸಿಯಾಟಲ್ಲೇ. ಅಪ್ಪ ಸ್ಟ್ಯಾಫರ್ಡ್ ಮೇಸ್ ಕೂಡ ಎನ್‌ಎಫ್‌ಎಲ್ ಆಟಗಾರ. ಕ್ಯಾರಲ್ ಮಿನ್ನೆಸೋಟ ವೈಕಿಂಗ್ಸ್‌ನಲ್ಲಿ ಸಹಾಯಕ ಕೋಚ್ ಆಗಿದ್ದಾಗ ಅದೇ ತಂಡದಲ್ಲಿ ಆಡಿದ್ದವರು. ಊರು ತನ್ನದು, ಗುರು ತನ್ನವರು, ತಂಡಕ್ಕೆ ಸೇಫ್ಟಿ ಬೇಕಾಗಿದೆ. ಹುಡುಗ ಏನನ್ನು ನಿರೀಕ್ಷಿಸಿರಬಹುದು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಸಿಯಾಟಲ್‌ಗೆ ಮೊದಲ ಸುತ್ತಿನಲ್ಲಿ ಎರಡು ಸರದಿ ಇದ್ದವು, 6 ಮತ್ತು 14. ಆರನೆಯದರಲ್ಲಿ ರಸೆಲ್ ಓಕಂಗ್ ಎಂಬ ದೈತ್ಯನನ್ನು ತೆಗೆದುಕೊಂಡರು. ಹದಿನಾಲ್ಕನೆಯದರಲ್ಲಿ ಸೇಫ್ಟಿಯನ್ನೇ ತೆಗೆದುಕೊಂಡರು. ಆದರೆ ಆ ಹೆಸರು ಟೆಕ್ಸಸ್ ವಿಶ್ವವಿದ್ಯಾಲಯದ ಅರ್ಲ್ ಥಾಮಸ್. ಮರುದಿನ, ಎರಡನೆಯ ಸುತ್ತಿನಲ್ಲಿ, 49ನೆಯವನಾಗಿ ಮೇಸ್‌ನನ್ನು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಆರಿಸಿತು. ಅದು ಸಿಯಾಟಲ್ ಇರುವ ವಿಭಾಗದ್ದೇ ತಂಡ. ವರ್ಷಕ್ಕೆ ಎರಡು ಬಾರಿ ಎದುರಾಗಲೇಬೇಕು.

ಮೇಸ್ ನುಂಗಿಕೊಳ್ಳಲಿಲ್ಲ. ಪತ್ರಕರ್ತರ ಮುಂದೆಯೇ ಹೇಳಿದ. ಅವನು ಹೇಳಿದ್ದನ್ನು ಗಮನವಿಟ್ಟು ಕೇಳಬೇಕು. "ನನ್ನನ್ನು ಆರಿಸಲಿಲ್ಲ" ಎಂಬುದು ಅವನ ದೂರಿನ ಅರ್ಧ ಮಾತ್ರ. ವೃತ್ತಿಪರ ತಂಡಗಳು ಸೇಫ್ಟಿಯಿಂದ ಏನನ್ನು ಬಯಸುತ್ತವೆ, ನಾನು ಏನನ್ನು ತಿದ್ದಿಕೊಳ್ಳಬೇಕು ಎಂಬುದರ ಬಗ್ಗೆ ಕಾಲೇಜಿನಲ್ಲಿ ನನಗೆ ನಿಜ ಹೇಳಲಿಲ್ಲ ಎಂಬುದು ಅವನ ನಿಜವಾದ ಸಂಕಟ. ಈ ಎರಡನೆಯ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಹುಡುಗನ ಪರ ವಕಾಲತ್ತು

ಮೊದಲು ಹುಡುಗನ ಪರವಾಗಿ ನಿಲ್ಲುತ್ತೇನೆ.

ಕಾಲೇಜು ಕೋಚ್ ಹೈಸ್ಕೂಲ್ ಹುಡುಗನನ್ನು ತನ್ನ ತಂಡಕ್ಕೆ ಸೆಳೆಯುವ ಬಗೆ ನೋಡಿ. ಮನೆಗೇ ಬರುತ್ತಾರೆ. ಅಮ್ಮ ಮಾಡಿದ್ದನ್ನು ಉಂಡು, ಅಪ್ಪನ ಎದುರು ಕುಳಿತು, ನಿಮ್ಮ ಮಗನನ್ನು ನನ್ನ ಮಗನಂತೆ ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಇದು ಅಲ್ಲಿನ ವಾಡಿಕೆ. ಕರೆಯುವಾಗ ಕುಟುಂಬದ ಭಾಷೆ, ಬಿಡುವಾಗ ವ್ಯಾಪಾರದ ಭಾಷೆ. ಸಿಟ್ಟು ಹುಟ್ಟುವುದು ಈ ಎರಡು ಭಾಷೆಗಳ ನಡುವಿನ ಸಂದಿಯಲ್ಲಿ.

ಆ ಕಾಲದ ಕಟ್ಟಳೆಗಳೂ ಒಂದೇ ಕಡೆಗೆ ವಾಲಿದ್ದವು. ಹುಡುಗ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕಿತ್ತು. ಕೋಚ್ ಯಾವ ದಿನ ಬೇಕಾದರೂ ಎದ್ದು ಹೋಗಬಹುದಿತ್ತು. ಕ್ಯಾರಲ್ ಹೋದ ಐದು ತಿಂಗಳಿಗೆ, 2010ರ ಜೂನ್‌ನಲ್ಲಿ, ಹಳೆಯ ಆಟಗಾರ ರೆಜಿ ಬುಷ್ ನಿಯಮ ಮೀರಿ ಸವಲತ್ತು ಪಡೆದ ಪ್ರಕರಣಕ್ಕಾಗಿ ಯುಎಸ್‌ಸಿ ಮೇಲೆ ಶಿಕ್ಷೆ ಬಿತ್ತು: ಎರಡು ವರ್ಷ ಸೀಸನ್ ಕೊನೆಯ ಬೌಲ್ ಪಂದ್ಯಗಳಿಗೆ ನಿಷೇಧ, 30 ವಿದ್ಯಾರ್ಥಿವೇತನಗಳ ಕಡಿತ. ಅದನ್ನು ಉಂಡವರು ಹಿಂದೆ ಉಳಿದ ಹುಡುಗರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮಗೆ ಗೊತ್ತು. ಇಲ್ಲಿ ಹುಟ್ಟು ಹಾಕಿದವರು ಹುಡುಗರು, ದಡ ಸೇರಿದವರು ಕೋಚ್.

ಇನ್ನೊಂದು ಘಟನೆ. 2009ರ ಜನವರಿಯಲ್ಲಿ ಯುಎಸ್‌ಸಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ದಾಳಿ ನಡೆಸುವ ಆಟಗಾರ, ಮಾರ್ಕ್ ಸ್ಯಾಂಚೆಝ್ ಒಂದು ವರ್ಷ ಬಾಕಿ ಇರುವಾಗಲೇ ಡ್ರಾಫ್ಟಿಗೆ ಹೋಗುತ್ತೇನೆ ಎಂದ. ಅವನ ನಿರ್ಧಾರ ತನಗೆ ಒಪ್ಪಿಗೆಯಿಲ್ಲ ಎಂದು ಕ್ಯಾರಲ್ ಪತ್ರಿಕಾಗೋಷ್ಠಿಯಲ್ಲೇ ಹೇಳಿದರು. ಸ್ಯಾಂಚೆಝ್ ಕೇಳಲಿಲ್ಲ. ಐದನೆಯವನಾಗಿ ನ್ಯೂಯಾರ್ಕ್ ಜೆಟ್ಸ್‌ಗೆ ಆಯ್ಕೆಯಾಗಿ 2 ಕೋಟಿ 80 ಲಕ್ಷ ಡಾಲರ್ ಖಾತರಿ ಹಣ ಪಡೆದ. ಆ ವರ್ಷ ಹೋದರೆ ಮೊದಲ ಸುತ್ತಿನಲ್ಲೇ ಆಯ್ಕೆಯಾಗುತ್ತಾನೆ ಎಂದು ಬಹುಪಾಲು ಪಂಡಿತರು ಲೆಕ್ಕ ಹಾಕಿದ್ದ ಮೇಸ್, ಕೊನೆಯ ವರ್ಷವನ್ನೂ ಆಡಿ ಮುಗಿಸಲು ಉಳಿದ. ಅವನು ಉಳಿದ ವರ್ಷದ ಕೊನೆಗೆ ಕೋಚ್ ತಾವೇ ಉಳಿಯಲಿಲ್ಲ.

ಕೊನೆಯದಾಗಿ, ಗುರು ಆರಿಸದಿದ್ದರೆ ಅದು ಒಂದು ತಂಡದ ಬಾಗಿಲು ಮುಚ್ಚಿದಷ್ಟೇ ಆಗುವುದಿಲ್ಲ. ಉಳಿದ ತಂಡಗಳೂ ನೋಡುತ್ತಿರುತ್ತವೆ. "ನಾಲ್ಕು ವರ್ಷ ಹತ್ತಿರದಿಂದ ಕಂಡವನೇ ಕೈಬಿಟ್ಟನಲ್ಲ, ಏನೋ ಇರಬೇಕು" ಎನ್ನುತ್ತವೆ. ಹೆಣ್ಣು ನೋಡಲು ಬಂದವರ ಮುಂದೆ ಸೋದರಮಾವನೇ ಬಾಯಿ ಬಿಗಿದು ಕುಳಿತ ಹಾಗೆ. ಆ ಮೌನಕ್ಕೆ ಬೆಲೆಯಿದೆ, ಅದನ್ನು ತೆರುವವನು ಹುಡುಗ. ಹೊಸ ಆಟಗಾರರ ವೇತನಕ್ಕೆ ಬಿಗಿ ಮಿತಿ ಬಂದದ್ದು 2011ರಲ್ಲಿ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ 5 ಕೋಟಿ ಡಾಲರ್ ಖಾತರಿ ಸಿಕ್ಕಿತ್ತು. ಸಾಲಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದಂತೆ ಎಷ್ಟು ಹಣ ಜಾರುತ್ತಿತ್ತು ಎಂಬುದನ್ನು ಅದರಿಂದ ಊಹಿಸಬಹುದು.

ಗುರುವಿನ ಪರ ವಕಾಲತ್ತು

ಈಗ ಕೋಟು ತಿರುಗಿಸಿ ಹಾಕಿಕೊಳ್ಳುತ್ತೇನೆ.

ಮೇಸ್ ನಾಲ್ಕು ವರ್ಷಗಳಲ್ಲಿ ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ಕಸಿದದ್ದು ಐದು ಬಾರಿ, ಅದರಲ್ಲಿ ಮೂರು ಮೊದಲ ವರ್ಷವೇ. ಅರ್ಲ್ ಥಾಮಸ್ 2009ರ ಒಂದೇ ವರ್ಷದಲ್ಲಿ ಎಂಟು ಬಾರಿ ಕಸಿದಿದ್ದ. ಒಬ್ಬ ಓಡಿ ಬಂದು ಗುದ್ದುವವನು, ಇನ್ನೊಬ್ಬ ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಮೂಸಿ ಅಲ್ಲಿಗೆ ಹೋಗಿ ನಿಲ್ಲುವವನು. ಎನ್‌ಎಫ್‌ಎಲ್ ಪಾಸಿನ ಆಟವಾಗುತ್ತಿದ್ದ ಕಾಲ ಅದು, ಎರಡನೆಯವನೇ ಬೇಕಾಗಿತ್ತು. ಇದು ಕ್ಯಾರಲ್ ಒಬ್ಬರ ಕಣ್ಣಿನ ದೋಷವೂ ಆಗಿರಲಿಲ್ಲ. ಮೇಸ್‌ಗಿಂತ ಮೊದಲು ನಾಲ್ವರು ಸೇಫ್ಟಿಗಳು ಆಯ್ಕೆಯಾದರು.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಥಾಮಸ್ ತನ್ನ ಕಾಲದ ಅತ್ಯುತ್ತಮ ಸೇಫ್ಟಿಗಳಲ್ಲಿ ಒಬ್ಬನಾದ. 2014ರ ಫೆಬ್ರುವರಿ 2ರಂದು ಸಿಯಾಟಲ್ ಡೆನ್ವರನ್ನು 43-8ರಿಂದ ಮಣಿಸಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಾಗ ಅದರ ರಕ್ಷಣಾ ಪಡೆಯ ಬೆನ್ನೆಲುಬಾಗಿದ್ದವನು ಅವನು. ಮೇಸ್‌ನನ್ನು ಆರಿಸಿದ ಸ್ಯಾನ್ ಫ್ರಾನ್ಸಿಸ್ಕೊ ಒಂದೇ ಸೀಸನ್ ಇಟ್ಟುಕೊಂಡು 2011ರ ಆಗಸ್ಟ್‌ನಲ್ಲಿ ಸಿನ್ಸಿನಾಟಿಗೆ ಕಳಿಸಿತು.

ಫಲ ನೋಡಿ ನ್ಯಾಯ ಹೇಳುವುದು ಸುಲಭ, ಆದರೆ ಅದು ಸರಿಯಾದ ನ್ಯಾಯವಲ್ಲ. ಥಾಮಸ್ ಮಂಡಿ ಮುರಿದುಕೊಂಡು ಮೂಲೆ ಸೇರಿದ್ದರೂ ಆ ಆಯ್ಕೆ ಸರಿಯೇ. ಏಕೆಂದರೆ ಅಂದು ಕ್ಯಾರಲ್ ಯಾರ ಪರವಾಗಿ ಕುಳಿತಿದ್ದರು ಎಂಬುದು ಮುಖ್ಯ. ಪಕ್ಕದಲ್ಲಿ ಜನರಲ್ ಮ್ಯಾನೇಜರ್ ಜಾನ್ ಷ್ನೈಡರ್ ಇದ್ದರು. ಬೆನ್ನ ಹಿಂದೆ ತಂಡದ ಐವತ್ತಕ್ಕೂ ಹೆಚ್ಚು ಆಟಗಾರರಿದ್ದರು. ಕೊನೆಯ ಕಾವಲುಗಾರ ತಪ್ಪಿದರೆ ಸೋಲು ಅವರೆಲ್ಲರದು, ಗಾಯ ಅವರೆಲ್ಲರದು. ಅವರ ಹೊಟ್ಟೆಪಾಡಿನಿಂದ ತೆಗೆದು ತನ್ನ ಹಳೆಯ ಪ್ರೀತಿಗೆ ಕೊಡಲು ಕ್ಯಾರಲ್ ಯಾರು? ನಮ್ಮಲ್ಲಿ ಅದಕ್ಕೊಂದು ಹೆಸರಿದೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಆ ಜಾತ್ರೆ ಮಾಡಿದವರೂ ಇದ್ದಾರೆ. ಕೆಂಟಕಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ರಿಕ್ ಪಿಟೀನೊ 1997ರಲ್ಲಿ ಬೋಸ್ಟನ್ ಸೆಲ್ಟಿಕ್ಸ್‌ಗೆ ಬಂದರು. ಮೂರನೆಯ ಸರದಿಯಲ್ಲಿ ಚಾನ್ಸಿ ಬಿಲಪ್ಸ್‌ನನ್ನೂ ಆರನೆಯದರಲ್ಲಿ ತಮ್ಮದೇ ಕೆಂಟಕಿ ಶಿಷ್ಯ ರಾನ್ ಮರ್ಸರ್‌ನನ್ನೂ ಆರಿಸಿದರು. ಇನ್ನೊಬ್ಬ ಶಿಷ್ಯ ವಾಲ್ಟರ್ ಮೆಕಾರ್ಟಿಯನ್ನು ನ್ಯೂಯಾರ್ಕಿನಿಂದ ತರಿಸಿಕೊಂಡರು. ಮೊದಲ ಸೀಸನ್ ಮುಗಿಯುವ ಮೊದಲೇ ಕೈಬಿಟ್ಟದ್ದು ಬಿಲಪ್ಸ್‌ನನ್ನು. ಅದೇ ಬಿಲಪ್ಸ್ 2004ರಲ್ಲಿ ಡೆಟ್ರಾಯಿಟ್‌ಗೆ ಚಾಂಪಿಯನ್‌ಪಟ್ಟ ತಂದು ಫೈನಲ್ಸ್‌ನ ಅತ್ಯುತ್ತಮ ಆಟಗಾರನಾದ. ಮರ್ಸರ್ ಎರಡು ವರ್ಷಕ್ಕೆ ಬೇರೆ ತಂಡಕ್ಕೆ ಹೋದ. ಬೋಸ್ಟನ್‌ನಲ್ಲಿ ಪಿಟೀನೊ ಅವರ ಲೆಕ್ಕ 102 ಗೆಲುವು, 146 ಸೋಲು. ಫುಟ್‌ಬಾಲ್‌ಗೆ ಮರಳಿದರೆ, ಫ್ಲೋರಿಡಾ ವಿಶ್ವವಿದ್ಯಾಲಯದ ಕೋಚ್ ಸ್ಟೀವ್ ಸ್ಪರಿಯರ್ 2002ರಲ್ಲಿ ಎನ್‌ಎಫ್‌ಎಲ್‌ನ ವಾಷಿಂಗ್ಟನ್‌ ತಂಡಕ್ಕೆ ಬಂದಾಗ ತಮ್ಮ ಹಳೆಯ ಕ್ವಾರ್ಟರ್‌ಬ್ಯಾಕ್‌ಗಳಾದ ಡ್ಯಾನಿ ವುರ್ಫೆಲ್, ಶೇನ್ ಮ್ಯಾಥ್ಯೂಸ್ ಇಬ್ಬರನ್ನೂ ಕರೆತಂದರು. ಎರಡು ಸೀಸನ್, 12 ಗೆಲುವು, 20 ಸೋಲು, ರಾಜೀನಾಮೆ. ಗುರುವಿಗೆ ತನ್ನ ಶಿಷ್ಯ ಹೊಸಬನಿಗಿಂತ ಹೆಚ್ಚು ಪರಿಚಿತ. ಪರಿಚಯವನ್ನೇ ಪ್ರತಿಭೆ ಎಂದು ಭ್ರಮಿಸುವ ಅಪಾಯ ಅಲ್ಲೇ ಇದೆ.

ಇದಕ್ಕೂ ವಿಚಿತ್ರವಾದದ್ದು ಸ್ಟೀವ್ ವಾಲ್ಶ್‌ನ ಕಥೆ. ಕೋಚ್ ಜಿಮ್ಮಿ ಜಾನ್ಸನ್ ಮಯಾಮಿ ವಿಶ್ವವಿದ್ಯಾಲಯಕ್ಕೆ 1987ರ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಾಗ ವಾಲ್ಶ್ ಅವರ ಕ್ವಾರ್ಟರ್‌ಬ್ಯಾಕ್. 1989ರಲ್ಲಿ ಜಾನ್ಸನ್ ಡಲ್ಲಾಸ್ ಕೌಬಾಯ್ಸ್‌ಗೆ ಬಂದು ಮೊದಲನೆಯ ಸರದಿಯಲ್ಲಿ ಟ್ರಾಯ್ ಏಕ್‌ಮನ್‌ನನ್ನು ಆರಿಸಿದರು. ಕೆಲವೇ ತಿಂಗಳಲ್ಲಿ ಪೂರಕ ಡ್ರಾಫ್ಟ್‌ನಲ್ಲಿ ವಾಲ್ಶ್‌ನನ್ನೂ ತೆಗೆದುಕೊಂಡರು, ಅದೂ ಮರುವರ್ಷದ ಮೊದಲ ಸುತ್ತಿನ ಸರದಿಯನ್ನು ಒತ್ತೆಯಿಟ್ಟು. ಆ ವರ್ಷ ಡಲ್ಲಾಸ್ 16ರಲ್ಲಿ 15 ಪಂದ್ಯ ಸೋತಿತು. ಗೆದ್ದ ಒಂದೇ ಒಂದು ಪಂದ್ಯವನ್ನು ಆರಂಭಿಸಿದವನು ವಾಲ್ಶ್. 1990ರ ಸೆಪ್ಟೆಂಬರ್‌ನಲ್ಲಿ ಜಾನ್ಸನ್ ಅವನನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟು ಬದಲಿಗೆ ಮೂರು ಸರದಿಗಳನ್ನು ಪಡೆದರು. ಗುರು ಆರಿಸಿಕೊಂಡದ್ದಕ್ಕೆ ಹಿಗ್ಗಬೇಕೋ, ಮಾರಿದ್ದಕ್ಕೆ ಕುಗ್ಗಬೇಕೋ? ಆಯ್ಕೆಯಾದ ಮಾತ್ರಕ್ಕೆ ನಿಷ್ಠೆ ದೊರೆತಂತಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕ್ಯಾರಲ್ ಕೊಟ್ಟದ್ದು

ಕ್ಯಾರಲ್ ಹಳೆಯ ಹುಡುಗರನ್ನೆಲ್ಲ ಮರೆತರು ಎಂದೂ ಹೇಳಲಾಗದು. ಮೇಸ್‌ಗೆ ಜಾಗವಿಲ್ಲದ ಅದೇ 2010ರ ಡ್ರಾಫ್ಟಿನ ಆರನೆಯ ಸುತ್ತಿನಲ್ಲಿ ಯುಎಸ್‌ಸಿಯ ಆಂಟನಿ ಮೆಕಾಯ್‌ಗೆ ಜಾಗ ಸಿಕ್ಕಿತು. ಅದೇ ದಿನಗಳಲ್ಲಿ ಹಳೆಯ ಶಿಷ್ಯ ಲೆನ್‌ಡೇಲ್ ವೈಟ್‌ನನ್ನು ಬೇರೆ ತಂಡದಿಂದ ತರಿಸಿಕೊಂಡು ಸುಮಾರು ಒಂದು ತಿಂಗಳಲ್ಲಿ ಬಿಟ್ಟೂಬಿಟ್ಟರು. ಎರಡು ವರ್ಷ ಆಟದಿಂದಲೇ ಹೊರಗಿದ್ದ ಮೈಕ್ ವಿಲಿಯಮ್ಸ್‌ಗೆ ಪರೀಕ್ಷೆಗೆ ಬಾ ಎಂದರು. ಅವನು ಬಂದು ಗೆದ್ದು ಆ ಸೀಸನ್‌ನಲ್ಲಿ 65 ಪಾಸ್ ಹಿಡಿದ. 2011ರ ಕೊನೆಯ ಸುತ್ತಿನಲ್ಲಿ ಯುಎಸ್‌ಸಿಯ ಮಾಲ್ಕಮ್ ಸ್ಮಿತ್‌ನನ್ನು ಆರಿಸಿದರು. 2014ರ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದದ್ದು ಆ ಸ್ಮಿತ್‌ಗೆ.

ಈ ನಾಲ್ವರನ್ನು ಸಾಲಾಗಿಟ್ಟು ನೋಡಿದರೆ ಒಂದು ನಿಯಮ ಕಾಣುತ್ತದೆ. ಕ್ಯಾರಲ್ ಶಿಷ್ಯರಿಗೆ ಬಾಗಿಲು ತೆರೆದರು, ಕುರ್ಚಿ ಕೊಡಲಿಲ್ಲ. ಅಗ್ಗದ ಸರದಿ, ಒಂದು ಪರೀಕ್ಷೆ, ಒಂದು ತಿಂಗಳ ಅವಕಾಶ, ಇವು ಕೋಚ್ ತನ್ನ ವಿವೇಚನೆಯಿಂದ ಕೊಡಬಹುದಾದವು. ಹದಿನಾಲ್ಕನೆಯ ಸರದಿ ಅಂಥದ್ದಲ್ಲ.

ಇದೇ ಹಾದಿಯಲ್ಲಿ ಎದುರಿನಿಂದ ಬಂದ ಇನ್ನೊಂದು ಕಥೆಯಿದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಿಮ್ ಹಾರ್ಬಾ ಸ್ಯಾನ್ ಫ್ರಾನ್ಸಿಸ್ಕೊಗೆ ಕೋಚ್ ಆದರು. ಅವರ ಶಿಷ್ಯ ರಿಚರ್ಡ್ ಶರ್ಮನ್, ಅಂಚು ಕಾಯುವ ರಕ್ಷಣಾ ಆಟಗಾರ ಅಂದರೆ ಕಾರ್ನರ್‌ಬ್ಯಾಕ್, ಆ ವರ್ಷ ಡ್ರಾಫ್ಟಿನಲ್ಲಿದ್ದ. ಹಾರ್ಬಾ ಅವರ ತಂಡಕ್ಕೆ ಕಾರ್ನರ್‌ಬ್ಯಾಕ್ ಬೇಕಾಗಿತ್ತು, ಮೂರನೆಯ ಸುತ್ತಿನಲ್ಲಿ ಬೇರೊಬ್ಬನನ್ನು ಆರಿಸಿತು. ಐದನೆಯ ಸುತ್ತಿನಲ್ಲಿ, 154ನೆಯವನಾಗಿ, ಶರ್ಮನ್‌ನನ್ನು ಆರಿಸಿದವರು ಕ್ಯಾರಲ್. 2014ರ ಜನವರಿಯಲ್ಲಿ ಸೂಪರ್ ಬೌಲ್‌ಗೆ ಹೋಗುವ ತಂಡ ಯಾವುದೆಂದು ತೀರ್ಮಾನಿಸುವ ಪಂದ್ಯದ ಕೊನೆಯ ಗಳಿಗೆ. ಹಾರ್ಬಾ ತಂಡದ ಪಾಸನ್ನು ಗೋಲಿನ ಮೂಲೆಯಲ್ಲಿ ಎಗರಿ ತಟ್ಟಿ ಸಿಯಾಟಲ್‌ಗೆ 23-17ರ ಗೆಲುವು ಕೊಟ್ಟ ಕೈ ಶರ್ಮನ್‌ನದು. ಒಬ್ಬ ಗುರುವಿಗೆ ಹತ್ತಿರದ ನೋಟ ನೆರವಾಯಿತು, ಇನ್ನೊಬ್ಬರಿಗೆ ಅದೇ ಕಣ್ಣಿಗೆ ಮಂಜು ಕಟ್ಟಿತು. ಹಾಗಾಗಿ ಯಾರು ಗೆದ್ದರು ಎಂಬುದರಿಂದ ಧರ್ಮ ನಿರ್ಣಯ ಮಾಡಲು ಹೊರಟರೆ ದಾರಿ ತಪ್ಪುತ್ತೇವೆ.

ವೀರಗಲ್ಲಿನ ಲೆಕ್ಕ

ದಾರಿಗಾಗಿ ನಾನು ನಮ್ಮ ಊರುಬಾಗಿಲಿನ ಕಲ್ಲುಗಳ ಕಡೆ ನೋಡಿದೆ.

ಅಮೆರಿಕದ ಹುಡುಗರಿಗೆ ಹಳಗನ್ನಡದ ವೀರರು ಏನೂ ಆಗಬೇಕಿಲ್ಲ. ಆದರೆ ನಿಷ್ಠೆಯ ಲೆಕ್ಕವನ್ನು ನಮ್ಮಷ್ಟು ಕಲ್ಲಿನಲ್ಲಿ ಬರೆದಿಟ್ಟವರು ಕಡಿಮೆ. ಉಂಡ ಜೋಳಕ್ಕೆ ಋಣ ತೀರಿಸುವುದು ಜೋಳವಾಳಿ. ಒಡೆಯನ ಜೊತೆಗೇ ಸಾಯುವ ಪಣ ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಕುವರ ಲಕ್ಷ್ಮನ ಕಂಬ ಇಂದಿಗೂ ನಿಂತಿದೆ. ಒಡೆಯನಾದ ಹೊಯ್ಸಳ ದೊರೆ ವೀರಬಲ್ಲಾಳ ತೀರಿಕೊಂಡಾಗ ತನ್ನ ಹೆಂಡತಿ ಮತ್ತು ಸಾವಿರ ಮಂದಿ ಸಂಗಡಿಗರೊಡನೆ ಜೀವ ಬಿಟ್ಟವನು ಲಕ್ಷ್ಮ. ಇದೆಲ್ಲ ಕೆಳಗಿನಿಂದ ಮೇಲಕ್ಕೆ ಹರಿಯುವ ನಿಷ್ಠೆ.

ಮೇಲಿನಿಂದ ಕೆಳಕ್ಕೆ ಹರಿಯುವುದಕ್ಕೂ ಪದಗಳಿವೆ ಎಂಬುದನ್ನು ನಾವು ಮರೆಯುತ್ತೇವೆ. ಕೊಡಗೆ ಎಂದರೆ ದಾನ, ನೆತ್ತರುಗೊಡಗೆ ಎಂದರೆ ಕಾದಿ ಮಡಿದವನ ಮನೆಯವರಿಗೆ ಕೊಡುವ ಭೂಮಿ. ಬಾಳ್ಗಳ್ಚು ಎಂದರೆ ವೀರನ ಕತ್ತಿ ತೊಳೆಯುವ ಹೆಸರಿನಲ್ಲಿ ಕೊಡುವ ಉಂಬಳಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ರಾಷ್ಟ್ರಕೂಟ ಕನ್ನರದೇವ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಗಂಗ ಬೂತುಗ ಅವನಿಗೆ ಆತಕೂರನ್ನು ಬಾಳ್ಗಳ್ಚಾಗಿ ಕೊಟ್ಟ. ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನೆಟ್ಟರು, ಆ ಕಲ್ಲಿನ ಪೂಜೆಗೂ ಭೂಮಿ ಬಿಟ್ಟರು. ನಾಯಿಯ ಋಣವನ್ನೂ ಬಾಕಿ ಇಡದ ಲೆಕ್ಕ ಅದು.

ಈ ದಾನಗಳಿಗೆಲ್ಲ ಹೇಳದೆಯೇ ಇದ್ದ ಒಂದು ಕಟ್ಟಳೆಯಿದೆ. ಕೊಡುವವನು ತನ್ನ ಕೈಯಲ್ಲಿದ್ದ ನೆಲವನ್ನೇ ಕೊಡಬೇಕು. ಪಕ್ಕದವನ ಗದ್ದೆಯನ್ನು ತೋರಿಸಿ ಇದು ನಿನ್ನ ನೆತ್ತರುಗೊಡಗೆ ಎನ್ನುವಂತಿಲ್ಲ.

ನನ್ನ ತೀರ್ಮಾನ ಇಲ್ಲಿಂದ ಹುಟ್ಟುತ್ತದೆ. ಹಳೆಯ ಕೋಚ್‌ಗೆ ಶಿಷ್ಯನ ಋಣ ಖಂಡಿತ ಇದೆ. ಅವನ ಬೆವರಿನಿಂದಲೇ ಈ ಕುರ್ಚಿ ಬಂದಿದೆ. ಆದರೆ ಡ್ರಾಫ್ಟಿನ ಸರದಿ ಕೋಚ್‌ನ ಹೊಲವಲ್ಲ, ಅದು ತಂಡದ ಹೊಲ. ಅದರಿಂದ ಕೊಡಗೆ ಕೊಡುವ ಅಧಿಕಾರ ಅವನಿಗಿಲ್ಲ. ಹಾಗಾದರೆ ಅವನ ಸ್ವಂತ ಹೊಲ ಯಾವುದು? ಅವನ ಮಾತು. ಶಿಷ್ಯನ ಬಗ್ಗೆ ಅವನಿಗೆ ಗೊತ್ತಿರುವ ನಿಜ.

ಮಾತಿನ ಋಣ

ಮೇಸ್‌ನ ದೂರಿನ ಎರಡನೆಯ ಅರ್ಧಕ್ಕೆ ಈಗ ಬರೋಣ. ಮುಚ್ಚಿದ ಕೋಣೆಯಲ್ಲಿ ಇಬ್ಬರ ನಡುವೆ ಯಾವ ಮಾತು ನಡೆಯಿತು ಎಂದು ವಿಚಾರಣೆ ಮಾಡಲು ನಾನು ಕೂತಿಲ್ಲ. ದೂರಿನ ಜಾತಿ ಎಂಥದು ಎಂಬುದು ನನಗೆ ಮುಖ್ಯ. ನಾಲ್ಕು ವರ್ಷ ನಂಬಿಕೆಯಲ್ಲಿ ಮೈಬಿಚ್ಚಿ ಆಡಿದವನ ಕುಂದುಗಳನ್ನು ಗುರು ಕಂಡಿರುತ್ತಾನೆ. ಆ ತಿಳಿವಳಿಕೆಯನ್ನು ಮುಂದೆ ಕೊಳ್ಳುವವನ ಜಾಗದಲ್ಲಿ ಕುಳಿತು ಬಳಸಿಕೊಳ್ಳುತ್ತಾನೆ. ಮನೆಯ ವೈದ್ಯರೇ ನಾಳೆ ವಿಮೆ ಕಂಪನಿಗೆ ಸೇರಿ ನಿಮ್ಮ ಅರ್ಜಿ ತಿರಸ್ಕರಿಸಿದ ಹಾಗೆ. ತಿರಸ್ಕರಿಸುವುದು ತಪ್ಪಲ್ಲದಿರಬಹುದು. ನಿಮಗೆ ಆ ಕಾಯಿಲೆ ಇದೆ ಎಂದು ನಿಮಗೇ ಹೇಳಿರದಿದ್ದರೆ ತಪ್ಪು.

ಈ ಮಾತಿನ ಋಣದಲ್ಲಿ ಮೂರು ಕಂತುಗಳಿವೆ. ಮೊದಲನೆಯದು, ಶಿಷ್ಯ ಇನ್ನೂ ಶಿಷ್ಯನಾಗಿರುವಾಗಲೇ, ತಿದ್ದಿಕೊಳ್ಳಲು ಸಮಯವಿರುವಾಗಲೇ, ಕುಂದನ್ನು ಹೇಳುವುದು. ಇದು ಅತ್ಯಂತ ಕಷ್ಟದ ಕಂತು, ಏಕೆಂದರೆ ಮುಂದಿನ ಪಂದ್ಯ ಗೆಲ್ಲಲು ಕೋಚ್‌ಗೆ ಹುಡುಗನ ಉತ್ಸಾಹ ಬೇಕು, ಆತ್ಮಪರೀಕ್ಷೆ ಬೇಡ. ಇನ್ನೊಂದು ವರ್ಷ ಉಳಿ ಎಂದು ಹೇಳುವ ಕೋಚ್‌ಗೆ ಆ ಉಳಿಯುವಿಕೆಯಲ್ಲಿ ತನ್ನ ಲಾಭವೂ ಇದೆ, ಅದನ್ನೂ ಅವನು ಹೇಳಬೇಕು. ಎರಡನೆಯದು, ಸರದಿ ಬರುವ ಮುಂಚೆ ಒಂದು ಫೋನ್. "ನಾವು ನಿನ್ನನ್ನು ತೆಗೆದುಕೊಳ್ಳುತ್ತಿಲ್ಲ ಮಗೂ, ಕಾರಣ ಇದು." ದೂರದರ್ಶನ ನೋಡಿ ತಿಳಿಯುವಂತೆ ಆಗಬಾರದು.

ಮೂರನೆಯದು, ಬೇರೆ ತಂಡಗಳು ಕೇಳಿದಾಗ ತಕ್ಕಡಿ ಹಿಡಿದು ಮಾತಾಡುವುದು. ತೆಗಳಿಕೆಯನ್ನಷ್ಟೇ ಅಲ್ಲ, ಹೊಗಳಿಕೆಯನ್ನೂ ತೂಗಬೇಕು. 2024ರಲ್ಲಿ ಹಾರ್ಬಾ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟು ಲಾಸ್ ಏಂಜಲಿಸ್ ಚಾರ್ಜರ್ಸ್‌ಗೆ ಹೋದರು. ತಮ್ಮ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿಯನ್ನು ಹೋದಲ್ಲೆಲ್ಲ ಕೊಂಡಾಡಿದರು. ಚಾರ್ಜರ್ಸ್‌ನಲ್ಲಿ ಜಸ್ಟಿನ್ ಹರ್ಬರ್ಟ್ ಇದ್ದುದರಿಂದ ಅವರಿಗೆ ಮೆಕಾರ್ಥಿ ಬೇಕಾಗಿರಲಿಲ್ಲ. ಆದರೆ ಐದನೆಯ ಸರದಿ ಅವರದು. ಅದಕ್ಕೆ ಮುಂಚೆ ಹೆಚ್ಚು ಕ್ವಾರ್ಟರ್‌ಬ್ಯಾಕ್‌ಗಳು ಹೋದಷ್ಟೂ ಬೇರೆ ಒಳ್ಳೆಯ ಆಟಗಾರ ಕೆಳಗಿಳಿದು ಅವರ ಕೈಗೆ ಬರುತ್ತಿದ್ದ. ಹೊಗಳಿಕೆ ಪ್ರೀತಿಯಿಂದಲೂ ಬಂದಿರಬಹುದು, ಲೆಕ್ಕದಿಂದಲೂ ಬಂದಿರಬಹುದು. ಕೇಳುವವರು ಎರಡನ್ನೂ ನೆನಪಿಟ್ಟುಕೊಂಡರು. ಮೆಕಾರ್ಥಿ ಹತ್ತನೆಯವನಾಗಿ ಮಿನ್ನೆಸೋಟಕ್ಕೆ ಹೋದ.

ಕಾಲ ಈಗ ಬದಲಾಗಿದೆ. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ 9-0ರಿಂದ ಆಟಗಾರರ ಪರ ನಿಂತಿತು. ಜುಲೈನಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದಾಯಿತು. ತಂಡ ಬದಲಿಸುವುದೂ ಸುಲಭವಾಯಿತು. 2025ರಲ್ಲಿ ಕೋರ್ಟ್ ಒಪ್ಪಿದ ರಾಜಿಯ ನಂತರ ಒಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಕೊಡಬಹುದಾಯಿತು. ಹುಡುಗ ಈಗ ಕೂಲಿ ಎಣಿಸಿಕೊಳ್ಳುತ್ತಾನೆ. ಹಣದ ಬಾಕಿ ತೀರಿತು ಎನ್ನಬಹುದು. ಮಾತಿನ ಬಾಕಿ ತೀರಲಿಲ್ಲ. ಸಂಬಳ ಕೊಟ್ಟವರಿಗೆ ಸುಳ್ಳು ಹೇಳುವ ಹಕ್ಕು ಬರುವುದಿಲ್ಲ.

ಬಲಕ್ಕೇ ತಿರುಗುತ್ತಿದ್ದವನು

ಕೊನೆಗೆ ನನ್ನದೊಂದು ಸಣ್ಣ ಕಥೆ. ನಾನು ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ, ರೈಡರ್. ನಮ್ಮ ಮೇಷ್ಟ್ರು ಆ ವರ್ಷ ವಿಶ್ವವಿದ್ಯಾಲಯ ತಂಡದ ಆಯ್ಕೆ ಸಮಿತಿಗೆ ಹೋದರು. ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು, ನನ್ನ ಹೆಸರಿಲ್ಲ. ಬಹಳ ವರ್ಷ ಅವರ ಮುಖ ಕಂಡರೆ ರಸ್ತೆ ದಾಟುತ್ತಿದ್ದೆ. ಇಪ್ಪತ್ತು ವರ್ಷದ ಮೇಲೆ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕಪಕ್ಕದ ಎಲೆ ಬಿತ್ತು. ಅವರೇ ಮಾತು ತೆಗೆದರು.

"ನೀನು ರೈಡ್ ಮುಗಿಸಿ ವಾಪಸ್ ಬರುವಾಗ ಯಾವಾಗಲೂ ಬಲಕ್ಕೇ ತಿರುಗ್ತಿದ್ದೆ ಕಣಯ್ಯ. ಎರಡು ಸಲ ಎದುರು ಆಡಿದವನಿಗೆ ಗೊತ್ತಾಗಿಬಿಡ್ತಿತ್ತು."

"ಅವತ್ತೇ ಯಾಕೆ ಸಾರ್ ಹೇಳಲಿಲ್ಲ?"

ಸಾರು ಬಡಿಸುವವನು ಮುಂದೆ ಹೋಗುವವರೆಗೆ ಅವರು ಸುಮ್ಮನಿದ್ದರು. ಆಮೇಲೆ ಹೇಳಿದರು: "ಹೇಳಿದ್ರೆ ನೀನು ಮಂಕಾಗ್ತಿದ್ದೆ. ನಮ್ಮ ಕಾಲೇಜಿಗೆ ಫೈನಲ್ ಇತ್ತಲ್ಲ."

ಪಟ್ಟಿಯಿಂದ ನನ್ನನ್ನು ಬಿಟ್ಟದ್ದಕ್ಕೆ ಅವರ ಮೇಲಿದ್ದ ಸಿಟ್ಟು ಅಂದೇ ಹೋಯಿತು. ಅವರು ಮಾಡಿದ್ದು ಸರಿಯಾದ ಆಯ್ಕೆ. ಫೈನಲ್‌ವರೆಗೆ ಆ ಮಾತನ್ನು ಬಚ್ಚಿಟ್ಟದ್ದಕ್ಕೆ ಮಾತ್ರ ಇಂದಿಗೂ ಅವರನ್ನು ಪೂರ್ತಿ ಕ್ಷಮಿಸಲು ನನಗಾಗಿಲ್ಲ.

ಈ ಸಭೆಯಲ್ಲಿ ತರಬೇತುದಾರರಿದ್ದೀರಿ. ನಿಮ್ಮಲ್ಲಿ ಕೆಲವರು ನಾಳೆ ಆಯ್ಕೆ ಸಮಿತಿಗಳಲ್ಲಿ ಕೂರುತ್ತೀರಿ, ಎದುರಿಗೆ ನಿಮ್ಮದೇ ಹುಡುಗ ಹುಡುಗಿಯರು ನಿಲ್ಲುತ್ತಾರೆ. ಅವರಿಗಿಂತ ಚೆನ್ನಾಗಿ ಆಡುವವರಿದ್ದರೆ ಅವರನ್ನು ಬಿಡಿ, ಅಳುಕಬೇಡಿ. ಆದರೆ ಅವರು ಬಲಕ್ಕೇ ತಿರುಗುತ್ತಾರೆ ಎಂಬುದು ನಿಮಗೆ ಗೊತ್ತಿದ್ದರೆ, ಸಮಿತಿಗೆ ಹೇಳುವ ಮೊದಲು ಅವರಿಗೆ ಹೇಳಿ. ಫೈನಲ್ ಸೋತರೂ ಸರಿ.